ವಿಚಾರಿಸಿಕೊಳ್ಳುವುದು



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರ ಮಕ್ಕಳು. ತಂದೆ ಉಳಿಸಿಹೋದ ಹಣವನ್ನು ಹಂಚಿಕೊಳ್ಳದೆ, ವರ್ಷಕ್ಕೊಮ್ಮೆ ಮಕ್ಕಳ ವಿಷಯವಾಗಿ ಯಾರಾದರೂ ನಾಲ್ಕು ಮಾತಾಡಲಿ ಎಂದು ಬ್ಯಾಂಕಿನಲ್ಲಿಟ್ಟರು. ಅಂಥ ಮನೆಯ ಹಣದ ಮೇಲೆ ನಿಂತು ಮಾತಾಡುವಾಗ ಅಳೆದು ತೂಗಿ ಆಡಬೇಕು ಅನಿಸುತ್ತದೆ. ನಾನು ವಿದುಷಿಯಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವಳು. ಕೊನೆಯ ಏಳು ವರ್ಷ ಮುಖ್ಯಶಿಕ್ಷಕಿಯಾಗಿದ್ದೆ. ಆ ಏಳರಲ್ಲಿ ಎರಡು ವರ್ಷ ಕೊರೊನಾ ನುಂಗಿತು. ಇವತ್ತು ನಾನು ಹೇಳುವುದರಲ್ಲಿ ಹೆಚ್ಚಿನದು ಆ ಎರಡು ವರ್ಷ ನನಗೆ ಕಲಿಸಿದ್ದು.

ಆಹ್ವಾನ ಪತ್ರಿಕೆಯಲ್ಲಿ ವಿಷಯವನ್ನು ‘ಕಷ್ಟಕಾಲದಲ್ಲಿ ಮಕ್ಕಳಿಗೆ ಸಹಾನುಭೂತಿಯ ಶಿಕ್ಷಣ’ ಎಂದು ಅಚ್ಚು ಹಾಕಿದ್ದಾರೆ. ಸಹಾನುಭೂತಿ ಒಳ್ಳೆಯ ಮಾತೇ. ಆದರೆ ಅದು ಪುಸ್ತಕದ ಮಾತು. ನಮ್ಮ ಹಳ್ಳಿಯ ಯಾವ ಅಜ್ಜಿಯೂ ಅದನ್ನು ಬಾಯಲ್ಲಿ ಆಡಿದ್ದು ನಾನು ಕೇಳಿಲ್ಲ. ಅವರು ‘ಅಂತಃಕರಣ’ ಅನ್ನುತ್ತಾರೆ, ‘ಕರುಳು’ ಅನ್ನುತ್ತಾರೆ. ಇನ್ನೂ ಒಂದು ಮಾತು ದಿನಾ ಅವರ ಬಾಯಲ್ಲಿರುತ್ತದೆ: ವಿಚಾರಿಸುವುದು. ಈ ಮಾತನ್ನು ಒಂದಿಷ್ಟು ತಡವಿ ನೋಡಿ. ವಿಚಾರಿಸುವುದೆಂದರೆ ಯೋಚನೆ ಮಾಡುವುದು. ವಿಚಾರಿಸುವುದೆಂದರೆ ಕೇಳಿ ತಿಳಿಯುವುದು. ‘ಮನೆಗೆ ಬಂದವರನ್ನು ಚೆನ್ನಾಗಿ ವಿಚಾರಿಸಿಕೊಂಡರು’ ಎಂದರೆ ಉಣಬಡಿಸಿ ಉಪಚರಿಸಿದರು ಎಂದು ಅರ್ಥ. ‘ಕಾಯಿಲೆ ಬಿದ್ದಾಗ ಒಬ್ಬರೂ ವಿಚಾರಿಸಲಿಲ್ಲ’ ಎಂದರೆ ಕರುಳಿರುವವರು ಯಾರೂ ಇರಲಿಲ್ಲ ಎಂದು ಅರ್ಥ. ಯೋಚಿಸುವುದು, ಕೇಳುವುದು, ನೋಡಿಕೊಳ್ಳುವುದು ಮೂರನ್ನೂ ಕನ್ನಡ ಒಂದೇ ಮಾತಿನಲ್ಲಿ ಕಟ್ಟಿಟ್ಟಿದೆ. ಮಕ್ಕಳಿಗೆ ಅಂತಃಕರಣ ಬರುವುದು ಈ ದಾರಿಯಲ್ಲಿ ಎಂದು ನಾನು ನಂಬಿದ್ದೇನೆ. ಮೊದಲು ಕೇಳುತ್ತಾರೆ, ಕೇಳಿದ ಮೇಲೆ ಮರುಗುತ್ತಾರೆ. ನಾವು ಶಾಲೆಗಳಲ್ಲಿ ಮೊದಲು ಮರುಗಿಸಲು ಹೋಗುತ್ತೇವೆ, ಕೇಳುವುದಕ್ಕೆ ಅವಕಾಶವನ್ನೇ ಕೊಡುವುದಿಲ್ಲ.

ನಾನು ಎಡವಿದ್ದನ್ನೇ ಹೇಳುತ್ತೇನೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ಶುರು ಮಾಡಿತು. ಮಕ್ಕಳು ಶಾಲೆಗೆ ಬರುವಂತಿಲ್ಲವಾದ್ದರಿಂದ ಮೇಷ್ಟ್ರುಗಳೇ ಮಕ್ಕಳಿರುವಲ್ಲಿಗೆ ಹೋಗಬೇಕು; ದೇವಸ್ಥಾನದ ಜಗುಲಿ, ಸಮುದಾಯ ಭವನ, ಮರದ ನೆರಳು, ಎಲ್ಲಿ ಸಾಧ್ಯವೋ ಅಲ್ಲಿ ಪಾಠ. ವಠಾರ ಶಾಲೆ ಎಂದೂ ಕರೆದರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ನಿಲ್ಲಿಸಿದರು. ನಡೆದದ್ದು ಎರಡು ತಿಂಗಳಾದರೂ, ನನ್ನ ವೃತ್ತಿಜೀವನದಲ್ಲಿ ಮಕ್ಕಳನ್ನು ಅಷ್ಟು ಹತ್ತಿರದಿಂದ ಬೇರೆಂದೂ ನಾನು ನೋಡಿರಲಿಲ್ಲ. ಅವರ ಮನೆ, ಕೊಟ್ಟಿಗೆ, ಒಲೆ ಎಲ್ಲ ಕಣ್ಣೆದುರಿಗೇ ಇತ್ತು.

ನನ್ನ ಪಾಲಿಗೆ ಬಂದದ್ದು ಒಂದು ಹೊಂಗೆ ಮರ. ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಬರೆದು, ವೃತ್ತಕ್ಕೊಂದು ಮಗು. ಆರನೇ ತರಗತಿಯ ಒಬ್ಬ ಹುಡುಗ ಕೊನೆಯ ವೃತ್ತದಲ್ಲಿ ಕೂರುತ್ತಿದ್ದ. ಅವನ ಅಪ್ಪ ಬೆಂಗಳೂರಿನ ಮಾರ್ಕೆಟ್ಟಿಗೆ ತರಕಾರಿ ಟೆಂಪೋ ಓಡಿಸುವವನು. ಜುಲೈನಲ್ಲಿ ಅವನಿಗೆ ಪಾಸಿಟಿವ್ ಬಂತು. ಆಂಬುಲೆನ್ಸ್ ಬಂದು ಅವನನ್ನು ಕರೆದೊಯ್ದಿತು, ಮನೆ ಸೀಲ್‌ಡೌನ್ ಆಯಿತು. ಬಾಗಿಲಿಗೆ ಚೀಟಿ, ಮುಂದೆ ಅಡ್ಡಗಟ್ಟಿದ ಬಿದಿರ ಗಳ, ಒಳಗೆ ತಾಯಿ ಮತ್ತು ಎರಡು ಮಕ್ಕಳು. ಅಪ್ಪ ಗುಣವಾಗಿ ಬಂದ, ಗಳ ತೆಗೆದರು, ಚೀಟಿ ಮಳೆಗೆ ಕರಗಿತು. ಹುಡುಗನ ಹಣೆಪಟ್ಟಿ ಮಾತ್ರ ಕರಗಲಿಲ್ಲ. ಅವನು ಎದ್ದು ನೀರು ಕುಡಿಯಲು ಹೋದರೆ ಉಳಿದವರು ‘ಕೊರೊನಾ ಬಂತು’ ಎಂದು ಕೂಗಿ ಚೆದುರುತ್ತಿದ್ದರು. ಅದೊಂದು ಆಟವೇ ಆಗಿಹೋಯಿತು.

ನಾನು ಮಾಡಿದ್ದೇನು? ಭಾಷಣ. ಹತ್ತು ನಿಮಿಷ, ಮನಸ್ಸಿಟ್ಟು ಮಾತಾಡಿದೆ. ಕಾಯಿಲೆ ಯಾರಿಗೂ ಬರಬಹುದು, ನಿಮಗೇ ಹೀಗಾಗಿದ್ದರೆ ಹೇಗಿರುತ್ತಿತ್ತು ಯೋಚನೆ ಮಾಡಿ, ಅವನೂ ನಿಮ್ಮ ಅಣ್ಣತಮ್ಮನ ಹಾಗೆ. ಮಕ್ಕಳು ತಲೆ ತಗ್ಗಿಸಿ ಕೇಳಿದರು. ಕೂಗು ನಿಂತಿತು. ಆದರೆ ಅದರ ಬದಲು ಬಂದದ್ದು ಇನ್ನೂ ಕೆಟ್ಟದ್ದು: ಅವನ ವೃತ್ತದ ಸುತ್ತ ಮೌನ. ಅಲ್ಲಿಯವರೆಗೆ ಬೈಗುಳದ ನೆಪದಲ್ಲಾದರೂ ಅವನೊಡನೆ ಒಂದು ವ್ಯವಹಾರವಿತ್ತು. ಈಗ ಅವನು ‘ಪಾಪದ ಹುಡುಗ’ನಾದ. ಪಾಪದವರ ಜೊತೆ ಯಾರು ಗೋಲಿ ಆಡುತ್ತಾರೆ?

ಒಂದು ವಾರದ ಮೇಲೆ ಚಿತ್ರ ಬರೆಯಲು ಕೊಟ್ಟೆ. ನಿಜ ಹೇಳಬೇಕೆಂದರೆ ಅದರ ಹಿಂದೆ ಯಾವ ಯೋಜನೆಯೂ ಇರಲಿಲ್ಲ. ಮೋಡ ಕವಿದು ಪಾಠ ಸಾಗದ ದಿನ. ‘ಲಾಕ್‌ಡೌನಿನಲ್ಲಿ ನಿಮ್ಮ ಮನೆ ಬಾಗಿಲಲ್ಲಿ ನಿಂತರೆ ಏನು ಕಾಣುತ್ತಿತ್ತೋ ಅದನ್ನು ಬರೀರಿ’ ಅಂದೆ. ಪೊಲೀಸ್ ಜೀಪು ಬರೆದರು, ಖಾಲಿ ಬಸ್‌ಸ್ಟ್ಯಾಂಡ್ ಬರೆದರು, ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ ಬರೆದರು. ಈ ಹುಡುಗ ಬಾಗಿಲು ಬಿಟ್ಟು ಹಿತ್ತಿಲನ್ನು ಬರೆದಿದ್ದ. ಕೊಟ್ಟಿಗೆ, ಮೂರು ಆಡು, ಒಂದು ಮರ. ಮರದಲ್ಲಿ ಎಲೆಯೇ ಇಲ್ಲ. ಚಿತ್ರಗಳನ್ನು ಹಗ್ಗಕ್ಕೆ ಸಿಕ್ಕಿಸಿದಾಗ ಆಡು ಕಾಯುವ ಮನೆಯ ಇನ್ನೊಬ್ಬ ಹುಡುಗ ಅದರ ಮುಂದೆ ನಿಂತ. ‘ಮಳೆಗಾಲದಲ್ಲಿ ಮರ ಯಾಕೋ ಬೋಳು?’

‘ನುಗ್ಗೆ ಮರ. ಅವ್ವ ಎಲ್ಲಾ ಕಡಿದು ಆಡಿಗೆ ಹಾಕಿದ್ಲು.’

‘ಯಾಕೆ, ಮೇಯಿಸೋಕೆ ಬಿಡಲಿಲ್ವಾ?’

‘ಗಳ ಕಟ್ಟಿದ್ರಲ್ಲ.’

‘ಅದು ಮುಗಿದ ಮೇಲೆ?’

‘ಕುಂಬಳ ಬಳ್ಳಿ ಕಿತ್ತು ಹಾಕಿದ್ಲು. ಆಮೇಲೆ ಏನೂ ಇರಲಿಲ್ಲ. ಎರಡು ದಿನ ಅರಚ್ತಾನೇ ಇದ್ವು.’

ಅಷ್ಟು ಹೊತ್ತಿಗೆ ಐದಾರು ಮಕ್ಕಳು ಸುತ್ತ ನೆರೆದಿದ್ದರು. ಆಡಿನ ಹೆಸರೇನು, ಅದರಲ್ಲಿ ಗಬ್ಬದ ಆಡು ಯಾವುದು, ರಾತ್ರಿ ಅರಚಿದರೆ ನಿಮಗೆ ನಿದ್ದೆ ಹೇಗೆ ಬರುತ್ತಿತ್ತು. ನನ್ನ ಹತ್ತು ನಿಮಿಷದ ಭಾಷಣ ಅಲುಗಾಡಿಸಲಾಗದ್ದನ್ನು ಒಂದು ಬೋಳು ಮರ ಅಲುಗಿಸಿತು. ಆ ಮಕ್ಕಳು ಅವನಿಗಾಗಿ ದುಃಖಪಡುತ್ತಿರಲಿಲ್ಲ. ವಿಚಾರಿಸುತ್ತಿದ್ದರು. ಬಾಗಿಲಿಗೆ ಚೀಟಿ ಅಂಟಿಸಿದ ಮೇಲೆ ಆ ಮನೆಯೊಳಗೆ ಏನು ನಡೆಯಿತೆಂದು ಊರಿನಲ್ಲಿ ಮೊದಲ ಸಲ ಕೇಳಿದವರು ಅವರು. ನಾನೂ ಕೇಳಿರಲಿಲ್ಲ.

ಕಿಟಕಿಯ ಹಿಂದೆ ಕೂಡಿಹಾಕಿದ ಮಗುವಿನ ಕಥೆಯೊಂದು ನಮ್ಮ ದೇಶದಲ್ಲೇ ಇದೆ. ರವೀಂದ್ರನಾಥ ಠಾಕೂರರ ‘ಡಾಕ್‌ಘರ್’, 1912ರಲ್ಲಿ ಪ್ರಕಟವಾದ ನಾಟಕ. ಅಮಲ ಎಂಬ ಪುಟ್ಟ ಹುಡುಗನಿಗೆ ಕಾಯಿಲೆ. ಗಾಳಿ ಬಿಸಿಲು ಸೋಕಕೂಡದೆಂದು ವೈದ್ಯರು ಅಪ್ಪಣೆ ಮಾಡಿದ್ದಾರೆ. ಅವನು ಕಿಟಕಿಯಲ್ಲಿ ಕೂತು ದಾರಿಹೋಕರನ್ನೆಲ್ಲ ಮಾತಾಡಿಸುತ್ತಾನೆ. ಮೊಸರು ಮಾರುವವನ ಊರು ಯಾವುದು, ಅಲ್ಲಿ ಮರಗಳಿವೆಯೇ, ದನಗಳೆಲ್ಲಿ ಮೇಯುತ್ತವೆ ಎಂದು ಕೇಳುತ್ತಾನೆ. ಅವನ ಹಾಗೆಯೇ ಮೊಸರು ಕೂಗುವುದನ್ನು ತನಗೆ ಕಲಿಸೆನ್ನುತ್ತಾನೆ. ಕಾವಲುಗಾರನನ್ನು ಗಂಟೆಯ ವಿಷಯ ಕೇಳುತ್ತಾನೆ, ಹೂ ಕೀಳುವ ಸುಧಾಳನ್ನು ಹೂವಿನ ವಿಷಯ ಕೇಳುತ್ತಾನೆ. ಬೈಯುತ್ತಾ ಅವಸರದಲ್ಲಿ ಬಂದ ಮೊಸರಿನವನು ತನ್ನ ಕಸುಬಿನ ಮೇಲೆ ಪ್ರೀತಿ ಹುಟ್ಟಿಸಿಕೊಂಡು ಹೋಗುತ್ತಾನೆ. ಇಡೀ ನಾಟಕದಲ್ಲಿ ಅತ್ಯಂತ ನಿಸ್ಸಹಾಯಕನಾದವನು ಕಾಯಿಲೆಯ ಹುಡುಗ. ಎಲ್ಲರನ್ನೂ ವಿಚಾರಿಸಿಕೊಳ್ಳುವವನೂ ಅವನೇ.

ಈ ನಾಟಕವನ್ನು 1942ರ ಜುಲೈ 18ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಅನಾಥಾಲಯವೊಂದರ ಮಕ್ಕಳು ಆಡಿದರು. ಅವರಿದ್ದದ್ದು ವಾರ್ಸಾದ ಯಹೂದಿಗಳನ್ನು ನಾತ್ಸಿಗಳು ಗೋಡೆ ಕಟ್ಟಿ ಕೂಡಿಹಾಕಿದ್ದ ಘೆಟ್ಟೊದಲ್ಲಿ. 1940ರ ನವೆಂಬರ್‌ನಲ್ಲಿ ಅದರ ದಾರಿಗಳನ್ನು ಮುಚ್ಚಿದ್ದರು. ಮೂರೂವರೆ ಚದರ ಕಿಲೋಮೀಟರಿನಷ್ಟೂ ಇಲ್ಲದ ಜಾಗದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ. ಹಸಿವು, ಟೈಫಸ್ ಜ್ವರ, ಬೀದಿಯಲ್ಲಿ ಹೆಣ. ನಮ್ಮ ಸೀಲ್‌ಡೌನನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ದೊಡ್ಡ ತಪ್ಪು, ನಾನು ಹಾಗೆ ಮಾಡುತ್ತಿಲ್ಲ. ನಮ್ಮ ಗಳದ ಆಚೆ ಒಂದು ಊರು ಇತ್ತು, ಆಸ್ಪತ್ರೆ ಇತ್ತು. ಅವರ ಗೋಡೆಯ ಆಚೆ ಕೊಲೆ ಕಾದಿತ್ತು. ಅಂಥಲ್ಲಿ ಒಬ್ಬ ಮೇಷ್ಟ್ರು ಮಕ್ಕಳಿಗೆ ಏನು ಕಲಿಸಿದರು ಎನ್ನುವುದಕ್ಕಾಗಿ ಇದನ್ನು ಹೇಳುತ್ತಿದ್ದೇನೆ.

ಅವರ ಹೆಸರು ಯಾನುಷ್ ಕೊರ್ಚಾಕ್. ಅದು ಬರವಣಿಗೆಯ ಹೆಸರು, ಮನೆಯ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿತ್. ಮಕ್ಕಳ ವೈದ್ಯರು. ಆಸ್ಪತ್ರೆಯ ಕೆಲಸ ಬಿಟ್ಟು, 1912ರಲ್ಲಿ ವಾರ್ಸಾದ ಕ್ರೊಖ್ಮಾಲ್ನಾ ಬೀದಿಯಲ್ಲಿ ತೆರೆದ ಅನಾಥಾಲಯವನ್ನು ಸ್ತೆಫಾನಿಯಾ ವಿಲ್ಚಿನ್‌ಸ್ಕಾ ಎಂಬ ಶಿಕ್ಷಕಿಯ ಜೊತೆ ಮೂವತ್ತು ವರ್ಷ ನಡೆಸಿದರು. ಕೊರ್ಚಾಕರ ಹೆಸರು ಹೇಳುವವರು ಈ ತಾಯಿಯ ಹೆಸರನ್ನು ಮರೆಯುತ್ತಾರೆ. ಮನೆಯ ನಿತ್ಯದ ಭಾರ ಹೊತ್ತವರು ಅವರು.

ಆ ಮನೆಯಲ್ಲಿ ಮಕ್ಕಳದೇ ಒಂದು ನ್ಯಾಯಾಲಯವಿತ್ತು. ವಾರಕ್ಕೊಮ್ಮೆ ಸೇರುತ್ತಿತ್ತು. ಆ ವಾರ ಯಾರ ಮೇಲೆ ದೂರಿಲ್ಲವೋ ಅಂಥ ಮಕ್ಕಳಲ್ಲಿ ಚೀಟಿ ಎತ್ತಿ ಐವರು ನ್ಯಾಯಾಧೀಶರು. ಯಾವ ಮಗು ಬೇಕಾದರೂ ಯಾರ ಮೇಲಾದರೂ ದೂರು ಕೊಡಬಹುದು, ಮೇಷ್ಟ್ರುಗಳ ಮೇಲೂ. ಅದಕ್ಕೊಂದು ಸಂಹಿತೆ ಬರೆದಿದ್ದರು. ಅದರ ಮೊದಲ ತೊಂಬತ್ತೊಂಬತ್ತು ಕಲಮುಗಳಲ್ಲಿ ಒಂದರಲ್ಲೂ ಶಿಕ್ಷೆಯಿಲ್ಲ. ದೂರು ಹಿಂತೆಗೆದದ್ದು, ತಪ್ಪು ನಡೆದಿಲ್ಲದ್ದು, ತಿಳಿಯದೆ ಮಾಡಿದ್ದು, ಆಮೇಲೆ ಪಶ್ಚಾತ್ತಾಪ ಪಟ್ಟದ್ದು, ಹೀಗೆ ಬಗೆಬಗೆಯಾಗಿ ಬಿಟ್ಟುಬಿಡುವ ದಾರಿಗಳು. ನೂರನೆಯದರಿಂದ ಮಾತ್ರ ಕ್ಷಮೆಯಿಲ್ಲದ ತೀರ್ಪು. ಆರು ತಿಂಗಳಲ್ಲಿ ಐದು ಸಲ ಕೊರ್ಚಾಕ್ ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡು ಮಕ್ಕಳ ಮುಂದೆ ನಿಂತರು. ಒಬ್ಬ ಹುಡುಗನ ಕಿವಿಗೆ ಹೊಡೆದದ್ದಕ್ಕೆ, ಒಬ್ಬ ಹುಡುಗಿ ಕದ್ದಳೆಂದು ಸುಳ್ಳೇ ಶಂಕಿಸಿದ್ದಕ್ಕೆ.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತೆ. ನಾವು ಕನ್ನಡದಲ್ಲಿ ಕೋರ್ಟಿನ ಕಲಾಪಕ್ಕೆ ವಿಚಾರಣೆ ಅನ್ನುತ್ತೇವಲ್ಲ; ಆ ಮನೆಯ ನ್ಯಾಯಾಲಯ ಎರಡೂ ಅರ್ಥದಲ್ಲಿ ವಿಚಾರಣೆ. ದೂರು ಬಂದ ಮಗುವನ್ನು ಒಂದು ವಾರ ಬಿಟ್ಟು ಕೂರಿಸಿ, ಯಾಕೆ ಹೊಡೆದೆ, ಅದಕ್ಕೂ ಮೊದಲು ಏನಾಗಿತ್ತು ಎಂದು ಅದರ ಓರಗೆಯವರೇ ಕೇಳಬೇಕು. ಕ್ಷಮಿಸಬೇಕಾದರೂ ಯಾವ ಕಲಮಿನಡಿ ಎಂದು ಗೊತ್ತುಮಾಡಿಕೊಳ್ಳಬೇಕು, ಅಂದರೆ ಎದುರಿನವನ ಒಳಗೆ ಏನು ನಡೆದಿತ್ತು ಎಂದು ತಿಳಿಯಲೇಬೇಕು. ನಮ್ಮ ಶಾಲೆಗಳಲ್ಲಿ ‘ಸಾರಿ ಕೇಳು’ ಎಂದು ಅರ್ಧ ನಿಮಿಷದಲ್ಲಿ ಮುಗಿಸುತ್ತೇವೆ. ಸಾರಿ ಎಂದ ಮಗುವಿಗೂ ಏನೂ ಗೊತ್ತಾಗಿರುವುದಿಲ್ಲ, ಕೇಳಿಸಿಕೊಂಡ ಮಗುವಿಗೂ ಗೊತ್ತಾಗಿರುವುದಿಲ್ಲ.

ನಾಟಕಕ್ಕೆ ಬರುತ್ತೇನೆ. ಅದು ನಡೆದ ನಾಲ್ಕು ದಿನಕ್ಕೆ, ಜುಲೈ 22ರಂದು, ಘೆಟ್ಟೊದಿಂದ ಜನರನ್ನು ಟ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ಸಾಗಿಸುವುದು ಶುರುವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು ಇನ್ನೂರು ಮಕ್ಕಳನ್ನು ಕರೆದೊಯ್ದರು. ಕೊರ್ಚಾಕ್ ಮತ್ತು ಸ್ತೆಫಾನಿಯಾ ಮಕ್ಕಳ ಜೊತೆಗೇ ನಡೆದರು. ಒಬ್ಬರೂ ತಿರುಗಿ ಬರಲಿಲ್ಲ. ಆ ನಾಟಕವನ್ನೇ ಏಕೆ ಆರಿಸಿದಿರಿ ಎಂದು ಕೇಳಿದಾಗ, ಮಕ್ಕಳು ಸಾವನ್ನು ಶಾಂತವಾಗಿ ಎದುರುಗೊಳ್ಳುವುದನ್ನು ಕಲಿಯಲಿ ಎಂಬ ಅರ್ಥದ ಮಾತನ್ನು ಕೊರ್ಚಾಕ್ ಆಡಿದರೆಂದು ಹೇಳುತ್ತಾರೆ. ಈ ಪ್ರಸಂಗವನ್ನು ಹೇಳುವವರೆಲ್ಲ ಸಾವಿನ ಆ ಮಾತಿಗೇ ಬಂದು ನಿಲ್ಲುತ್ತಾರೆ. ನನಗೆ ಶಿಕ್ಷಕಿಯಾಗಿ ಕಾಣುವುದು ಅದಕ್ಕಿಂತ ಹಿಂದಿನದು, ತಾಲೀಮಿನ ದಿನಗಳು. ಬ್ರೆಡ್ಡಿಗೆ ಗತಿಯಿಲ್ಲದ ಒಂದು ಮಗು ಬಂಗಾಳದ ಮೊಸರಿನವನಾಗಿ ಕೂಗುವುದನ್ನು ಅಭ್ಯಾಸ ಮಾಡಿರಬೇಕು. ಇನ್ನೊಂದು ಮಗು ತಾನೆಂದೂ ಕಾಣದ ಹಳ್ಳಿಯ ಬಗ್ಗೆ ಅದನ್ನು ಕೇಳಿರಬೇಕು. ಸುತ್ತಲಿನ ಲೋಕ ಆ ಮಕ್ಕಳನ್ನು ಮನುಷ್ಯರೆಂದೇ ಎಣಿಸದೆ ಇದ್ದಾಗಲೂ, ಆ ಮನೆಯೊಳಗೆ ಅವರು ಇನ್ನೊಬ್ಬರನ್ನು ವಿಚಾರಿಸಿಕೊಳ್ಳುವವರಾಗಿಯೇ ಉಳಿದಿದ್ದರು.

ಎರಡನೇ ಅಲೆಯ ಮಾತಿಗೆ ಬರುತ್ತೇನೆ. 2021ರ ಏಪ್ರಿಲ್, ಮೇ ತಿಂಗಳುಗಳನ್ನು ಈ ಸಭೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ನಮ್ಮ ಸಹೋದ್ಯೋಗಿಗಳನ್ನೂ ಕಳೆದುಕೊಂಡೆವು. ಸೆಪ್ಟೆಂಬರ್ 6ರಂದು ಆರರಿಂದ ಎಂಟನೇ ತರಗತಿಯವರೆಗೆ ಶಾಲೆ ತೆರೆಯಿತು. ಏಳನೇ ತರಗತಿಯ ಒಬ್ಬ ಹುಡುಗಿಯ ತಂದೆ ಮೇ ತಿಂಗಳಲ್ಲಿ ತೀರಿಕೊಂಡಿದ್ದ. ಮೊದಲ ದಿನದ ಪ್ರಾರ್ಥನೆಯಲ್ಲಿ ನಾನು ಅವಳ ಹೆಸರು ಹೇಳಿ, ಎಲ್ಲರನ್ನೂ ಒಂದು ನಿಮಿಷ ಮೌನವಾಗಿ ನಿಲ್ಲಿಸಿದೆ. ಒಳ್ಳೆಯದೆಂದೇ ಮಾಡಿದೆ. ಮರುದಿನದಿಂದ ಹುಡುಗಿ ಬರಲಿಲ್ಲ. ಒಂಬತ್ತು ದಿನ ಕಾದು ಮನೆಗೆ ಹೋದೆ. ಅವಳ ಅಜ್ಜಿ ರಾಗಿ ಕೇರುತ್ತಾ, ತಲೆ ಎತ್ತದೆ, ‘ಎಲ್ಲರ ಮುಂದೆ ತಬ್ಬಲಿ ಅಂದ್ರಂತಲ್ಲವ್ವ’ ಎಂದಳು. ನಾನು ಆ ಪದ ಆಡಿರಲಿಲ್ಲ. ಹುಡುಗಿಗೆ ಕೇಳಿಸಿದ್ದು ಅದೇ.

ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲಸೇವಾ ಯೋಜನೆಯನ್ನು ಸರ್ಕಾರ ಆ ಮೇ ತಿಂಗಳಲ್ಲೇ ಪ್ರಕಟಿಸಿತ್ತು. ಬೇಕಾದ ಕೆಲಸ, ಆಗಲೇಬೇಕಿತ್ತು. ಆದರೆ ನೆರವು ಹಂಚುವ ಒಂದು ಸಮಾರಂಭದಲ್ಲಿ ಅಂಥ ಮಕ್ಕಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದದ್ದನ್ನು ನೋಡಿದೆ. ಕೋಪ ಬಂತು, ಅದರ ಬೆನ್ನಿಗೇ ನನ್ನ ಪ್ರಾರ್ಥನೆಯ ಮೈದಾನ ನೆನಪಾಯಿತು. ನಮ್ಮ ಹಿರಿಯರು ಸಾವಿನ ಮನೆಗೆ ಹೋದರೆ ಹೀಗೆ ಮಾಡುವುದಿಲ್ಲ. ಆ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ ಎಂದು ಅವರಿಗೆ ಗೊತ್ತು. ಅನ್ನದ ಪಾತ್ರೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತದೆ. ‘ಮಕ್ಕಳು ಉಂಡ್ವಾ?’ ಎಂದು ಮೆಲ್ಲಗೆ ಕೇಳುತ್ತಾರೆ.

ನಾವೆಲ್ಲ ಪುಣ್ಯಕೋಟಿಯ ಹಾಡನ್ನು ಕಲಿಸಿದ್ದೇವೆ. ನಾನು ಎಷ್ಟೋ ವರ್ಷ ಅದನ್ನು ಸತ್ಯದ ಕಥೆಯಾಗಿ ಕಲಿಸಿದೆ. ಹಸು ಮಾತಿಗೆ ತಪ್ಪಲಿಲ್ಲ, ಹುಲಿ ಮೇಲಕ್ಕೆ ನೆಗೆದು ಪ್ರಾಣ ಬಿಟ್ಟಿತು, ನೀತಿ ಬರೆದುಕೊಳ್ಳಿ. ನಡುವೆ ತಾಯಿ ಹಸು ತನ್ನ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುವ ಭಾಗವಿದೆ. ಹುಲಿಯ ಗವಿಗೆ ಹೋಗುವ ಅವಸರದಲ್ಲಿ ಅದನ್ನು ದಾಟಿಬಿಡುತ್ತಿದ್ದೆ. ಆ ವರ್ಷ ಅಲ್ಲೇ ನಿಂತೆ. ‘ಈಗ ಕರುವಿಗೆ ಹಾಲು ಕೊಡುವವರು ಯಾರು?’ ಎಂದು ಕೇಳಿದೆ. ಸರದಿ ಮೇಲೆ ಎಲ್ಲ ಹಸುಗಳೂ ಕೊಡುತ್ತವೆ ಎಂದು ಒಂದು ಮಗು ಹೇಳಿತು. ‘ಕೊಡಲ್ಲ ಮಿಸ್, ಬೇರೆ ಕರು ಬಂದ್ರೆ ಒದೆಯುತ್ತೆ, ನಮ್ಮನೇಲಿ ನೋಡಿದ್ದೀನಿ’ ಎಂದು ಇನ್ನೊಂದು ಮಗು. ಹಾಗಾದರೆ? ಅರ್ಧ ಗಂಟೆ ಚರ್ಚೆಯಾಯಿತು. ಹಸುವಿನ ಕತ್ತು ತಡವುತ್ತಿರಬೇಕು, ಮುಂದೆ ಬೂಸಾ ಇಡಬೇಕು, ಒಂದೇ ದಿನಕ್ಕೆ ಒಗ್ಗುವುದಿಲ್ಲ, ನಾಕೈದು ದಿನ ಒಬ್ಬರು ಜೊತೆಗೆ ನಿಂತಿರಬೇಕು. ಒದೆಯುವ ಈ ಭಯ ಹಾಡಿನ ತಾಯಿಗೂ ಇದೆ, ಅವಳೂ ಅದನ್ನೇ ಬೇಡಿಕೊಂಡಿದ್ದಾಳೆ ಎಂದು ತೋರಿಸಿದಾಗ ಮಕ್ಕಳ ಮುಖ ನೋಡಬೇಕಿತ್ತು. ತಂದೆ ತೀರಿಕೊಂಡಿದ್ದ ಹುಡುಗಿಯೂ ಅಷ್ಟರಲ್ಲಿ ಶಾಲೆಗೆ ಮರಳಿದ್ದಳು. ಅವಳ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಬೂಸಾದ ಮಾತನ್ನು ಹೇಳಿದವಳು ಅವಳು.

ಒಂದರಿಂದ ಐದನೇ ತರಗತಿಯವರಿಗೆ ಶಾಲೆ ತೆರೆದದ್ದು ಅಕ್ಟೋಬರ್ 25ಕ್ಕೆ, ಹತ್ತೊಂಬತ್ತು ತಿಂಗಳ ಮೇಲೆ. ಎರಡನೇ ತರಗತಿಯ ಮಕ್ಕಳು ಒಂದನೇ ತರಗತಿಯನ್ನು ಕಂಡೇ ಇರಲಿಲ್ಲ. ಕೊರ್ಚಾಕರ ಮನೆಯಲ್ಲಿ ಹೊಸದಾಗಿ ಬಂದ ಮಗುವಿಗೆ ಮೂರು ತಿಂಗಳ ಕಾಲ ದೊಡ್ಡ ಮಗುವೊಂದು ಪಾಲಕನಾಗಿರುವ ಕ್ರಮವಿತ್ತು. ಅದನ್ನು ನಮ್ಮ ಶಾಲೆಗೂ ತಂದೆ. ಎರಡನೇ ತರಗತಿಯ ಒಬ್ಬೊಬ್ಬರಿಗೆ ಏಳನೇ ತರಗತಿಯ ಒಬ್ಬ ‘ಜೊತೆಗಾರ’. ತಟ್ಟೆ ತೊಳೆಯುವುದು, ಬಚ್ಚಲಿಗೆ ಕರೆದೊಯ್ಯುವುದು, ಅತ್ತರೆ ಪಕ್ಕ ಕೂರುವುದು. ಹದಿನೆಂಟು ತಿಂಗಳು ಶುಂಠಿ ಹೊಲದಲ್ಲಿ ಕೂಲಿ ಮಾಡಿ ಬಂದಿದ್ದ ಒಬ್ಬ ಹುಡುಗ ತರಗತಿಯಲ್ಲಿ ಯಾರ ಮಾತಿಗೂ ಬಗ್ಗುತ್ತಿರಲಿಲ್ಲ. ಓದುವುದನ್ನು ಪೂರಾ ಮರೆತಿದ್ದ, ಅದನ್ನು ಮುಚ್ಚಿಕೊಳ್ಳಲು ಜಗಳ ತೆಗೆಯುತ್ತಿದ್ದ. ಬಿಸಿಯೂಟ ಮತ್ತೆ ಶುರುವಾದ ಮೇಲೆ ಒಂದು ದಿನ ಅವನು ತನ್ನ ಪುಟ್ಟ ಜೊತೆಗಾರನ ಸಾಂಬಾರಿನಿಂದ ಒಂದೊಂದೇ ಮೆಣಸಿನಕಾಯಿ ಆಯ್ದು ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದುದನ್ನು ಕಂಡೆ. ಊಟದ ಮೇಲೆ ಇಬ್ಬರೂ ನಲಿಕಲಿಯ ಕಾರ್ಡು ಹಿಡಿದು ಕೂರುತ್ತಿದ್ದರು. ಚಿಕ್ಕವನಿಗೆ ಓದಿಸುವ ನೆಪದಲ್ಲಿ ದೊಡ್ಡವನೂ ಅಕ್ಷರ ಕೂಡಿಸುತ್ತಿದ್ದ. ನಾನು ಹತ್ತಿರ ಹೋಗಲಿಲ್ಲ.

ಗೋಡೆಗೆ ಒರಗಿ ನಿಂತಿರುವ ಡಿ.ಎಡ್. ವಿದ್ಯಾರ್ಥಿಗಳೇ, ನೀವು ಈ ಉಪನ್ಯಾಸದಿಂದ ಒಂದು ವಿಧಾನ ಬರೆದುಕೊಂಡು ಹೋಗಲು ಕಾಯುತ್ತಿದ್ದೀರಿ, ನಿಮ್ಮ ನೋಟ್‌ಬುಕ್ಕು ಕಾಣಿಸುತ್ತಿದೆ. ಪರಾನುಭೂತಿಗೆಂದೇ ಪಠ್ಯಕ್ರಮಗಳು ಬಂದಿವೆ, ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ಅಂಥದೊಂದು ತರಗತಿ ಶುರುವಾಯಿತು. ಬೇಡವೆನ್ನುವುದಿಲ್ಲ. ಆದರೆ ಪೀರಿಯಡ್ಡಿನ ಗಂಟೆ ಹೊಡೆದ ಮೇಲೆ ಅದೇ ಮಕ್ಕಳ ಬೆನ್ನ ಮೇಲೆ ಕೋಲು ಆಡಿದರೆ ಆ ತರಗತಿ ಉಳಿಯುವುದಿಲ್ಲ. ವಿಧಾನ ಕೇಳುವ ನಿಮಗೆ ನಾನು ಆ ಹೊಂಗೆ ಮರದ ಕಥೆಯ ಉಳಿದ ಭಾಗವನ್ನು ಹೇಳಬಲ್ಲೆ, ಅಷ್ಟೇ.

ಚಿತ್ರ ಬರೆದ ಮೂರನೆಯ ದಿನ. ಬೋಳು ಮರ ಯಾಕೆಂದು ಕೇಳಿದ್ದ ಹುಡುಗ ಬೆಳಿಗ್ಗೆ ಬರುವಾಗ ತಲೆಯ ಮೇಲೆ ಹಸಿ ಸೊಪ್ಪಿನ ಹೊರೆ ಹೊತ್ತು ಬಂದ. ಹಲಸಿನ ಕೊಂಬೆಗಳು, ಬೇಲಿಯ ಸೊಪ್ಪು, ಬಾಳೆಪಟ್ಟೆಯಲ್ಲಿ ಬಿಗಿದು ಕಟ್ಟಿದ್ದು. ಮುಖಗವಸು ಗಲ್ಲಕ್ಕೆ ಜಾರಿತ್ತು. ಕೊನೆಯ ವೃತ್ತದ ಹತ್ತಿರ ಹೊರೆ ಇಳಿಸಿ, ತನ್ನ ವೃತ್ತದಲ್ಲಿ ಹೋಗಿ ಕೂತ. ಸೀಲ್‌ಡೌನ್ ಕಳೆದು ಎರಡು ತಿಂಗಳು ಆಗಿಹೋಗಿತ್ತು. ಆಡುಗಳು ದಿನಾ ಮೇಯಲು ಹೋಗುತ್ತಿದ್ದವು, ಮಳೆ ಬಿದ್ದು ಊರೆಲ್ಲ ಹಸಿರು.

‘ಈಗ ಅವಕ್ಕೆ ಮೇವಿದೆಯಲ್ಲೋ, ಇದ್ಯಾಕೆ ತಂದೆ?’ ಎಂದು ಕೇಳಿದೆ.

‘ಅವತ್ತು ತಿಂದಿರಲಿಲ್ವಲ್ಲ ಮಿಸ್’ ಎಂದ.